ಲಾಫ್ಟನ್‌ಗೆ ಬಿದ್ದ 18 ಮತಗಳು

9 ಜನವರಿ 2013, ಬುಧವಾರ
ಕ್ಲೀವ್‌ಲ್ಯಾಂಡ್

ಮಧ್ಯಾಹ್ನ ಫಲಿತಾಂಶ ಬಂತು. ಕ್ಲೀವ್‌ಲ್ಯಾಂಡ್ ತಂಡದಲ್ಲಿ ಆಡಿದ್ದ ಕೆನ್ನಿ ಲಾಫ್ಟನ್‌ಗೆ ಬಿದ್ದದ್ದು 569ರಲ್ಲಿ 18 ಮತ, ಅಂದರೆ ಶೇ 3.2. ಬೇಸ್‌ಬಾಲ್ ಹಾಲ್ ಆಫ್ ಫೇಮ್ ಸೇರಬೇಕಾದರೆ ಬರಹಗಾರರ ಮತದಲ್ಲಿ ಶೇ 75 ಸಿಗಬೇಕು. ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರು ಉಳಿಯಬೇಕಾದರೂ ಶೇ 5 ಬೇಕು. ಇನ್ನು 11 ಜನ ಅವನ ಹೆಸರಿಗೆ ಗುರುತು ಹಾಕಿದ್ದರೆ ಸಾಕಿತ್ತು. ಮೊದಲ ವರ್ಷವೇ ಹೊರಗೆ ಬಿದ್ದ.

ಬರಹಗಾರರು ಈ ಸಲ ಯಾರನ್ನೂ ಆರಿಸಲಿಲ್ಲ. 1996ರ ನಂತರ ಹೀಗಾದದ್ದು ಇದೇ ಮೊದಲು. ಬ್ಯಾರಿ ಬಾಂಡ್ಸ್, ರೋಜರ್ ಕ್ಲೆಮೆನ್ಸ್ ಇಬ್ಬರೂ ಮೊದಲ ಬಾರಿ ಪಟ್ಟಿಗೆ ಬಂದಿದ್ದರು. ತಿಂಗಳುಗಟ್ಟಲೆ ಪತ್ರಿಕೆಗಳ ತುಂಬ ಅವರ ಮೇಲಿನ ಸ್ಟೀರಾಯ್ಡ್ ಆರೋಪದ ವಿಷಯವೇ. ಒಬ್ಬರು ಹತ್ತಕ್ಕಿಂತ ಹೆಚ್ಚು ಹೆಸರು ಬರೆಯುವಂತಿಲ್ಲ. ಆ ಗದ್ದಲದಲ್ಲಿ ಲಾಫ್ಟನ್ ಆಟ ಹೇಗಿತ್ತು ಎಂದು ಕೂತು ವಿಚಾರ ಮಾಡಿದವರೇ ಕಡಿಮೆ. ತೂಗಿ ನೋಡಿ ಬೇಡ ಅಂದಿದ್ದರೆ ಒಪ್ಪಬಹುದಿತ್ತು. ತಕ್ಕಡಿಗೇ ಹಾಕದೆ ಕಳಿಸಿದ್ದು ನ್ಯಾಯವಲ್ಲ.

10 ಜನವರಿ 2013, ಗುರುವಾರ

ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಯಾಕೆ ಅವನು ಅರ್ಹ ಅನ್ನುವುದನ್ನು ಬರೆದಿಟ್ಟುಬಿಡುತ್ತೇನೆ.

17 ವರ್ಷದ ಆಟ. 2,428 ಹಿಟ್, 1,528 ರನ್, ಕದ್ದ ಬೇಸ್ 622, ಸರಾಸರಿ .299. 1992ರಿಂದ 1996ರವರೆಗೆ ಸತತ ಐದು ವರ್ಷ ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ಬೇಸ್ ಕದ್ದವನು ಇವನೇ. ಸೆಂಟರ್ ಫೀಲ್ಡ್ ಕಾದದ್ದಕ್ಕೆ ನಾಲ್ಕು ಗೋಲ್ಡ್ ಗ್ಲವ್. ಹೋಮ್ ರನ್ ಮಾತ್ರ 130. ಹೋಮ್ ರನ್ ಮಳೆ ಸುರಿದ ಕಾಲದಲ್ಲಿ ಆ 130 ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ಇನಿಂಗ್ಸ್ ಶುರು ಮಾಡುವವನ ಕೆಲಸ ಬೇಸ್ ಸೇರುವುದು, ಓಡುವುದು, ರನ್ ತರುವುದು.

1995ರ ಅಕ್ಟೋಬರ್ 17, ಸಿಯಾಟಲ್. ಗೆದ್ದರೆ ನಮ್ಮ ಕ್ಲೀವ್‌ಲ್ಯಾಂಡ್ ತಂಡ ವರ್ಲ್ಡ್ ಸೀರೀಸ್‌ಗೆ. ರ್‍ಯಾಂಡಿ ಜಾನ್ಸನ್ ಎಸೆದ ಚೆಂಡು ಕ್ಯಾಚರ್ ಕೈತಪ್ಪಿ ಹಿಂದಕ್ಕೆ ಹೋಯಿತು. ಮೂರನೇ ಬೇಸ್‌ನಲ್ಲಿದ್ದವನು ರನ್ ತಂದ, ಅದು ಯಾರಾದರೂ ತರುವ ರನ್. ಎರಡನೇ ಬೇಸ್‌ನಲ್ಲಿದ್ದ ಲಾಫ್ಟನ್ ಮೂರನೆಯದರಲ್ಲಿ ನಿಲ್ಲಲೇ ಇಲ್ಲ. ಒಂದೇ ಉಸಿರಿಗೆ 180 ಅಡಿ ಓಡಿ ಹೋಮ್ ಪ್ಲೇಟ್‌ಗೆ ಜಾರಿ ಬಂದ. ಎದುರಾಳಿಗಳಿಗೆ ಏನಾಯಿತೆಂದು ತಿಳಿಯುವಷ್ಟರಲ್ಲಿ ಎರಡು ರನ್ ಆಗಿತ್ತು. ಬ್ಯಾಟ್‌ಗೆ ಚೆಂಡು ತಾಗಿಯೇ ಇರಲಿಲ್ಲ.

ಮರುವರ್ಷ ಆಗಸ್ಟ್ 4ರಂದು ನಮ್ಮ ಜೇಕಬ್ಸ್ ಫೀಲ್ಡ್‌ನಲ್ಲಿ ಬಿ. ಜೆ. ಸರ್ಹಾಫ್ ಹೊಡೆದ ಚೆಂಡು ಗೋಡೆ ದಾಟುವುದರಲ್ಲಿತ್ತು. ಲಾಫ್ಟನ್ ಓಡಿಬಂದು ಗೋಡೆಗೆ ಕಾಲು ಕೊಟ್ಟು ಮೇಲೆದ್ದು, ಆಚೆಗೆ ತೋಳು ಚಾಚಿ ಹಿಡಿದುಬಿಟ್ಟ. ಬ್ಯಾಸ್ಕೆಟ್‌ಬಾಲ್ ಆಡಿ ಅರಿಜೋನಾ ವಿಶ್ವವಿದ್ಯಾಲಯದ ತಂಡದ ಜೊತೆ 1988ರ ಫೈನಲ್ ಫೋರ್‌ವರೆಗೆ ಹೋಗಿದ್ದವನ ನೆಗೆತ ಅದು.

ಕ್ರಿಕೆಟ್‌ನಲ್ಲಿ ಚಂದ್ರಶೇಖರ್, ಪ್ರಸನ್ನ ಅವರ ಬೌಲಿಂಗ್‌ಗೆ ಏಕನಾಥ ಸೋಲ್ಕರ್ ಶಾರ್ಟ್ ಲೆಗ್‌ನಲ್ಲಿ ನಿಲ್ಲುತ್ತಿದ್ದುದನ್ನು ರೇಡಿಯೋದಲ್ಲಿ ಕೇಳಿ ಬೆಳೆದವನು ನಾನು. 27 ಟೆಸ್ಟ್‌ನಲ್ಲಿ 53 ಕ್ಯಾಚ್. ಫೀಲ್ಡಿಂಗ್‌ನಿಂದ ಪಂದ್ಯ ಗೆಲ್ಲಬಹುದು ಅನ್ನುವುದನ್ನು ನನಗೆ ಯಾರೂ ವಾದಿಸಿ ಒಪ್ಪಿಸಬೇಕಾಗಿಲ್ಲ.

12 ಜನವರಿ 2013, ಶನಿವಾರ

ಊಟದ ಹೊತ್ತಿಗೆ ಮಗ ಕೇಳಿದ: “ಅಪ್ಪಾ, ಹನ್ನೊಂದು ತಂಡಕ್ಕೆ ಆಡಿದವನನ್ನ ಯಾವ ಊರಿನವರು ನಮ್ಮವನು ಅಂತಾರೆ?” ಮತದಾರರಲ್ಲೂ ಎಷ್ಟೋ ಜನರ ಮನಸ್ಸಲ್ಲಿ ಇದೇ ಇದ್ದಿರಬೇಕು. ಕೊನೆಯ ಆರು ವರ್ಷ ಲಾಫ್ಟನ್ ವರ್ಷವರ್ಷವೂ ತಂಡ ಬದಲಿಸಿದ. ಆದರೆ ಕರೆದವರು ಯಾರು? ಬಹುಮಟ್ಟಿಗೆ ಅಕ್ಟೋಬರ್‌ನಲ್ಲಿ ಪೋಸ್ಟ್‌ಸೀಸನ್ ಆಡುವ ಆಸೆ ಇದ್ದವರು. 2002ರಲ್ಲಿ ಜೈಂಟ್ಸ್ ತಂಡ ವರ್ಲ್ಡ್ ಸೀರೀಸ್‌ಗೆ ಹೋದದ್ದು ಇವನ ಹಿಟ್‌ನಿಂದಲೇ. 38ರ ವಯಸ್ಸಿನಲ್ಲಿ ಫಿಲಡೆಲ್ಫಿಯಾಕ್ಕೆ .335 ಹೊಡೆದ. ಪೋಸ್ಟ್‌ಸೀಸನ್‌ನಲ್ಲಿ 34 ಬೇಸ್ ಕದ್ದು ರಿಕಿ ಹೆಂಡರ್ಸನ್‌ನನ್ನೂ ದಾಟಿದ. ಇಷ್ಟೆಲ್ಲ ಹೇಳಿದೆ. ಮಗ ಸುಮ್ಮನೆ ತಲೆಯಾಡಿಸಿದ, ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

18 ಜನವರಿ 2017, ಬುಧವಾರ

ಹಾಲ್ ಆಫ್ ಫೇಮ್ ಮತದಲ್ಲಿ ಟಿಮ್ ರೇನ್ಸ್ ಗೆದ್ದ. ಹತ್ತನೇ ವರ್ಷ, ಕೊನೆಯ ಅವಕಾಶ, ಶೇ 86. 2008ರಲ್ಲಿ ಸಿಕ್ಕಿದ್ದು ಶೇ 24.3 ಮಾತ್ರ. ಸಂತೋಷವಾಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ರೇನ್ಸ್ ಕೂಡ ಮೊದಲ ಬ್ಯಾಟರ್, ಅವನದೂ ಬೇಸ್ ಕದಿಯುವ ಆಟವೇ. ಕದ್ದದ್ದು 808, ಲಾಫ್ಟನ್‌ಗಿಂತ ಹೆಚ್ಚು, ಅದು ಸರಿ. ಆದರೆ ಈ ಹತ್ತು ವರ್ಷದಲ್ಲಿ ರೇನ್ಸ್‌ನ ಅಂಕಿಗಳಲ್ಲಿ ಒಂದೂ ಬದಲಾಗಿಲ್ಲ. ಬದಲಾದದ್ದು ಓದುವವರ ಕಣ್ಣು. ಪರವಾಗಿ ಬರೆದರು, ಎದುರಾಗಿ ಬರೆದರು, ಬೇಸ್ ಸೇರುವವನ ಬೆಲೆ ನಿಧಾನಕ್ಕೆ ಜನಕ್ಕೆ ಅರ್ಥವಾಯಿತು. ಲಾಫ್ಟನ್‌ಗೆ ಅಷ್ಟು ಕಾಲ ಕೊಡಲಿಲ್ಲ.

7 ಡಿಸೆಂಬರ್ 2025, ಭಾನುವಾರ

16 ಜನರ ಸಮಿತಿ ಇವತ್ತು ಜೆಫ್ ಕೆಂಟ್‌ನನ್ನು ಆರಿಸಿತು. ಬರಹಗಾರರ ಮತದಲ್ಲಿ ದಾಟದವರಿಗೆ ಇದು ಎರಡನೇ ಬಾಗಿಲು. 12 ಜನ ಒಪ್ಪಿದರೆ ಆಯಿತು. ಆದರೆ ಅಲ್ಲಿಗೆ ಹೋಗುವ ಎಂಟು ಹೆಸರುಗಳಲ್ಲಿ ಲಾಫ್ಟನ್ ಇರಲಿಲ್ಲ. 2022ರಲ್ಲೂ ಇರಲಿಲ್ಲ. ಮುಂದಿನ ಸರದಿ 2028ಕ್ಕೆ.

ನನ್ನ ಮಟ್ಟಿಗೆ ಅವನ ಜಾಗ ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನ್‌ನಲ್ಲಿದೆ, ಇದರಲ್ಲಿ ನನಗೆ ಅನುಮಾನವಿಲ್ಲ. ಒಪ್ಪದವರಿಗೂ ಒಂದು ಮಾತು ಹೇಳಬಹುದು: 2028ರಲ್ಲಿ ಹೆಸರನ್ನು ಪಟ್ಟಿಗೆ ಸೇರಿಸಿ, 16 ಜನ ಒಂದು ದಿನ ಕೂತು ಅವನ ಆಟವನ್ನೇ ಚರ್ಚಿಸಲಿ. ಆಮೇಲೂ ಬೇಡ ಅಂದರೆ ಅದು ತೀರ್ಪು. ಇಲ್ಲಿಯತನಕ ಆಗಿರುವುದಕ್ಕೆ ಆ ಹೆಸರು ಸಲ್ಲುವುದಿಲ್ಲ.