ಏರಿನಲ್ಲಿ ಕಿಣಿಕಿಣಿ ಅನ್ನೋ ಓಮ್ನಿ

ನಮ್ಮನೆ ಓಮ್ನಿ ನೀವೆಲ್ಲಾ ನೋಡಿರೋದೇ. ಬೂವನಹಳ್ಳಿಯಿಂದ ಹಾಸನಕ್ಕೆ ತರಕಾರಿ ಮೂಟೆ ಹೊರೋ ಹಳೇ ಕಾರ್ಬುರೇಟರ್ ಗಾಡಿ. ಅದರ ಮೂರು ಸಿಲಿಂಡರಿನ ಇಂಜಿನ್ನು ಮುಂದಿನ ಸೀಟಿನ ಅಡೀಲೇ ಐತೆ. ಹಂಗಾಗಿ ಯಜಮಾನ್ರ ಪಕ್ಕ ಕೂರೋ ನನಗೆ ಶಾಖನೂ ತಟ್ಟುತ್ತೆ, ಸದ್ದೂ ಚೆನ್ನಾಗಿ ಕೇಳುತ್ತೆ.

ಉಗಾದಿ ಆದ್ಮೇಲೆ ಒಂದು ಹೊಸ ಸದ್ದು ಶುರುವಾಯ್ತು. ಮೂಟೆ ಹೇರ್ಕೊಂಡು ಏರು ಹತ್ತುವಾಗ ಎಕ್ಸಲೇಟರ್ ಒತ್ತಿದ್ರೆ ಸಾಕು, ಸ್ಟೀಲ್ ಡಬ್ಬೀಲಿ ಕಡ್ಲೆಕಾಳು ಅಲ್ಲಾಡಿಸ್ದಂಗೆ ಕಿಣಿಕಿಣಿ. ಕಾಲು ತೆಗೆದ್ರೆ ನಿಂತೋಗೋದು. ಒಂದು ಗ್ಯಾರೇಜಲ್ಲಿ ತೋರಿಸಿದ್ರೆ, "ಪಿಸ್ಟನ್ ಹೋಗೈತೆ, ಬೋರ್ ಮಾಡಿಸ್ಬೇಕು, 25,000 ಆಯ್ತದೆ" ಅಂದ್ರು. ನಮ್ಮತ್ರ ಇದ್ದದ್ದು ಮಗಳ ಕಾಲೇಜ್ ಫೀಸಿಗೆ ಎತ್ತಿಟ್ಟ ದುಡ್ಡು. ಮನೇಲಿ ನನ್ನ ಸರ ಅಡ ಇಡೋ ಮಾತೂ ಬಂತು.

"ಸದ್ದು ಯಾವ್ಯಾವಾಗ ಬರುತ್ತೆ ಅಂತ ಒಂದು ವಾರ ಬರ್ಕೊತೀನಿ, ಆಮೇಲೆ ನೋಡಣ" ಅಂದೆ. ಹಾಲಿನ ಲೆಕ್ಕದ ಬುಕ್ಕಲ್ಲೇ ಬರೆದೆ. ಗಾಡಿ ನಿಂತು ಇಂಜಿನ್ ಓಡ್ತಿದ್ದಾಗ ಇಲ್ಲ. ಖಾಲಿ ಗಾಡೀಲಿ ಕಮ್ಮಿ. ನಾಕನೇ ಗೇರಲ್ಲೇ ಏರು ಎಳೆದ್ರೆ ಜೋರು, ಮೂರಕ್ಕಿಳಿಸಿದ್ರೆ ಕಮ್ಮಿ. ಬೆಳಗ್ಗೆ ತಣ್ಣಗಿದ್ದಾಗ ಇಲ್ಲ, ಮಧ್ಯಾಹ್ನ ಕಾದಾಗ ಜಾಸ್ತಿ. ಇನ್ನೊಂದು, ಇದು ಶುರುವಾಗಿದ್ದು ಸರ್ವಿಸ್ ಮಾಡ್ಸಿ ಹೊಸ ಪಾಯಿಂಟ್ ಹಾಕ್ಸಿದ ವಾರ.

ಆ ಬುಕ್ ತಗೊಂಡು ಇನ್ನೊಬ್ರು ವಯಸ್ಸಾದ ಮೇಸ್ತ್ರಿ ಹತ್ರ ಹೋದ್ವಿ. ಅವರು ಕೇಳಿ, "ಇದು ಪಿಸ್ಟನ್ ಸದ್ದಲ್ಲ ಕಣವ್ವ. ಪಿಸ್ಟನ್ ಸವೆದಿದ್ರೆ ತಣ್ಣಗಿದ್ದಾಗಲೇ ಜೋರು ಬಡೀತದೆ, ಆಯಿಲ್ ಕುಡೀತದೆ, ನೀಲಿ ಹೊಗೆ ಬತ್ತದೆ. ನಿಮ್ದು ನಾಕಿಂಗು" ಅಂದ್ರು.

ಅವರು ಬಿಡಿಸಿ ಹೇಳಿದ್ದು ಹಿಂಗೆ. ಸಿಲಿಂಡರ್ ಒಳಗೆ ಪೆಟ್ರೋಲು ಗಾಳಿ ಬೆರೆತಿರುತ್ತೆ. ಪ್ಲಗ್ಗಿನ ಕಿಡಿ ಬಿದ್ರೆ ಬೆಂಕಿ ಒಂದು ಕಡೆಯಿಂದ ಹರಡ್ಕೊಂಡು ಹೋಗ್ಬೇಕು, ಒಲೇಲಿ ಒಣಗರಿ ಹತ್ಕೊಂಡಂಗೆ. ಕಿಡಿ ಬೇಗ ಬಿದ್ರೆ ಪಿಸ್ಟನ್ ಇನ್ನೂ ಮೇಲಕ್ಕೆ ಬರ್ತಿರುವಾಗಲೇ ಒತ್ತಡ, ಶಾಖ ಎರಡೂ ಏರಿ, ಬೆಂಕಿ ಮುಟ್ಟದೇ ಇರೋ ಮೂಲೆಯ ಪೆಟ್ರೋಲು ತಾನಾಗೇ ಸಿಡಿಯುತ್ತೆ. ಆ ಸಿಡಿತವೇ ಕಿಣಿಕಿಣಿ. ಭಾರ ಹೊತ್ತು ಏರು ಹತ್ತುವಾಗ ಇಂಜಿನ್ ಒಳಗೆ ಒತ್ತಡ ಜಾಸ್ತಿ, ಅದಕ್ಕೇ ಆಗ ಜೋರು. ಪಾಯಿಂಟ್ ಅನ್ನೋದು ಕಿಡಿ ಯಾವಾಗ ಬೀಳಬೇಕು ಅಂತ ಹೇಳೋ ಸಣ್ಣ ಸಾಮಾನು. ಅದರ ಗ್ಯಾಪು ಅಗಲ ಆದ್ರೆ ಕಿಡಿ ಬೇಗ ಬೀಳುತ್ತೆ. ನಮ್ಮದರಲ್ಲಿ ಆಗಿದ್ದು ಅದೇ.

ಅವರು ಮೊದಲು ಗ್ಯಾಪ್ ಸರಿ ಮಾಡಿದ್ರು, ಆಮೇಲೆ ಟೈಮಿಂಗ್ ಲೈಟ್ ಹಿಡಿದು ಡಿಸ್ಟ್ರಿಬ್ಯೂಟರ್‌ನ ಒಂಚೂರು ತಿರುಗಿಸಿದ್ರು. ಅಷ್ಟೇ ಮೂಟೆ ಹೇರಿ, ಅದೇ ಏರಲ್ಲಿ, ಅದೇ ಗೇರಲ್ಲಿ ಹತ್ತಿಸಿದ್ವಿ. ಸದ್ದಿಲ್ಲ. ಕೊಟ್ಟಿದ್ದು 600 ರೂಪಾಯಿ. ಸರ ಅಡಕ್ಕೆ ಹೋಗ್ಲಿಲ್ಲ, ಫೀಸಿನ ದುಡ್ಡೂ ಉಳೀತು.

ಹಂಗಂತ ಎಲ್ಲಾ ಕಿಣಿಕಿಣಿಗೂ ಟೈಮಿಂಗೇ ಕಾರಣ ಅಲ್ಲ. ರೇಡಿಯೇಟರ್ ನೀರು ಕಮ್ಮಿಯಾಗಿ ಇಂಜಿನ್ ಕಾದ್ರೂ ಬರುತ್ತೆ. ಕಾರ್ಬುರೇಟರ್ ಜೆಟ್ ಕಟ್ಕೊಂಡು ಪೆಟ್ರೋಲು ಸಾಲದೇ ಗಾಳಿ ಜಾಸ್ತಿಯಾದ್ರೂ ಬರುತ್ತೆ. ಪಿಸ್ಟನ್ ತಲೆ ಮೇಲೆ ಮಸಿ ಕಟ್ಟಿದ್ರೂ ಬರುತ್ತೆ. ಖರ್ಚು ಕಮ್ಮಿ ಇರೋದರಿಂದ ಒಂದೊಂದೇ ನೋಡಿಸ್ಬೇಕು. ಎರಡು ಮೂರು ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಸದ್ದು ಅಡಗಲಿ ಅಂತ ಟೈಮಿಂಗ್ ತೀರಾ ಹಿಂದಕ್ಕೆ ಹಾಕಿಸ್ಬೇಡಿ, ಗಾಡಿ ಎಳೆಯಲ್ಲ, ಮೈಲೇಜೂ ಬಿದ್ದೋಗುತ್ತೆ.

ಇಷ್ಟು ದಿನ ಓಡೈತೆ, ಇನ್ನೂ ಓಡಲಿ ಅಂತ ಬಿಡೋಕಂತೂ ಹೋಗ್ಬೇಡಿ. ತಿಂಗಳುಗಟ್ಲೆ ಹಂಗೇ ಬಡಿಸಿದ್ರೆ ಪಿಸ್ಟನ್ನೇ ತೂತಾಗಬಹುದು, ಆಗ ನಿಜವಾಗ್ಲೂ ಇಂಜಿನ್ ಬಿಚ್ಚಬೇಕಾಗುತ್ತೆ. ನಿಮ್ಮನೇಲೂ ಹಳೇ ಗಾಡಿ ಇದ್ರೆ, ಪಕ್ಕದ ಸೀಟಲ್ಲಿ ಕೂತಾಗ ಸದ್ದು ಯಾವ ಗೇರಲ್ಲಿ, ಎಷ್ಟು ಭಾರಕ್ಕೆ, ತಣ್ಣಗಿದ್ದಾಗಲೋ ಕಾದಾಗಲೋ ಅಂತ ಒಂದು ಚೀಟೀಲಿ ಬರೆದಿಡಿ. ಗ್ಯಾರೇಜಿಗೆ ಹೋಗುವಾಗ ಆ ಚೀಟಿ ಜೊತೇಲಿರಲಿ.