ಬೆಟ್ಟ ಹೊರುವಷ್ಟು ಜನ

ಮೇ ತಿಂಗಳ ಮೊದಲ ವಾರ, ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ. ಬೆಳಗ್ಗೆ ಏಳೂವರೆ. ಲಾಕ್ ಲಿನ್ನಿಯ ನೀರಿನ ಮೇಲಿಂದ ಬೀಸುವ ಗಾಳಿ ನಿಮ್ಮ ಜಾಕೆಟ್ಟಿನ ಕಾಲರಿನೊಳಗೆ ನುಗ್ಗುತ್ತಿದೆ. 1,345 ಮೀಟರ್ ಎತ್ತರದ ಬೆನ್ ನೆವಿಸ್ ಬೆನ್ನ ಹಿಂದೆಯೇ ಇದ್ದರೂ ಮೋಡ ಕವಿದು ಅದರ ಬುಡ ಮಾತ್ರ ಕಾಣುತ್ತದೆ. ಎದುರಿಗೆ, ಬೇಲಿ ಹಾಕಿದ ಅಂಗಳದಲ್ಲಿ, ರಾತ್ರಿಯೆಲ್ಲ ಕಾವಲಿನಲ್ಲಿದ್ದ ಬೈಕುಗಳು ಸಾಲಾಗಿ ನಿಂತಿವೆ. ಒಂದಕ್ಕೂ ಸೀಟಿಲ್ಲ. ತೂಕ 70 ಕಿಲೋದ ಆಸುಪಾಸು, ಟ್ಯಾಂಕಿನಲ್ಲಿ ಹಿಡಿಯುವುದು ಎರಡು ಮೂರು ಲೀಟರ್ ಪೆಟ್ರೋಲ್. ಹಿಂದಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಒಳಕ್ಕೆ ಹೋಗುತ್ತದೆ. ಗಾಳಿ ಅಷ್ಟು ಕಡಿಮೆ ಇದ್ದರೇನೇ ಅದು ಒದ್ದೆ ಕಲ್ಲನ್ನು ಕಚ್ಚಿ ಹಿಡಿಯುವುದು.

ಇದು ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್. 1909ರಲ್ಲಿ ಐದು ದಿನದ ಸ್ಪರ್ಧೆಯಾಗಿ ಶುರುವಾಗಿ ಮರುವರ್ಷವೇ ಆರು ದಿನಕ್ಕೆ ಬೆಳೆಯಿತು. ನಡೆಸುವವರು ಎಡಿನ್‌ಬರೋ ಅಂಡ್ ಡಿಸ್ಟ್ರಿಕ್ಟ್ ಮೋಟಾರ್ ಕ್ಲಬ್. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ ಸುಮಾರು 30 ಸೆಕ್ಷನ್‌ಗಳು, ಅಂದರೆ ಬೈಕಿನ ಮೇಲೆ ಕಾಲೂರದೆ ದಾಟಬೇಕಾದ ಕಷ್ಟದ ತುಣುಕು ದಾರಿಗಳು. ಅವುಗಳ ನಡುವೆ ಡಾಂಬರು ರಸ್ತೆ, ಕಾಡುದಾರಿ, ಜೌಗು, ಹಳ್ಳ. ನಿಮ್ಮ ಬೆನ್ನಿನ ಮೇಲೆ ರೈಡರುಗಳ ನಂಬರ್ ಇಲ್ಲ. ನೀವು ಇವತ್ತು ಅಬ್ಸರ್ವರ್. ಒಂದು ಸೆಕ್ಷನ್ ಪಕ್ಕದಲ್ಲಿ ದಿನವಿಡೀ ನಿಂತು ಪ್ರತಿಯೊಬ್ಬರ ಅಂಕ ಬರೆಯುವುದು ನಿಮ್ಮ ಕೆಲಸ. ಸಂಬಳವಿಲ್ಲ. ಬುತ್ತಿ, ಮಳೆಕೋಟು, ಪೆನ್ಸಿಲ್ ಇದ್ದರೆ ಸಾಕು.

ಜೀಪು ನಿಮ್ಮನ್ನು ದಕ್ಷಿಣಕ್ಕೆ, ಕಿನ್‌ಲಾಕ್‌ಲೆವೆನ್ ಊರಿಗೆ ತಂದು ಇಳಿಸುತ್ತದೆ. ಸುತ್ತ ಬೆಟ್ಟ, ನಡುವೆ ಬೋಗುಣಿಯಂತೆ ಊರು. ಇಲ್ಲಿ 1909ರಲ್ಲಿ ಶುರುವಾದ ಅಲ್ಯೂಮಿನಿಯಂ ಕಾರ್ಖಾನೆಗೆ ಕರೆಂಟು ಬೇಕಿತ್ತು. ಮೇಲಿನ ಬ್ಲಾಕ್‌ವಾಟರ್ ಅಣೆಕಟ್ಟಿನಿಂದ ನೀರು ತರಲು ಗುಡ್ಡದ ಮೈಮೇಲೆ ದಪ್ಪ ಕೊಳವೆಗಳನ್ನು ಹಾಸಿದರು. ಕಾರ್ಖಾನೆ ಮುಚ್ಚಿದೆ, ಕೊಳವೆಗಳು ಇವೆ. ಅವುಗಳ ಪಕ್ಕದ ಕಡಿದಾದ ಕಲ್ಲಿನ ಏರಿಗೇ ‘ಪೈಪ್‌ಲೈನ್’ ಎಂದು ಹೆಸರು. ಟ್ರಯಲ್ಸ್ ಬಲ್ಲವರ ಎದೆಯಲ್ಲಿ ಈ ಹೆಸರಿಗೆ ಬೇರೆಯೇ ತೂಕವಿದೆ. ಕೆಳಗೆ ‘ಶುರು’ ಎಂಬ ಫಲಕ, ಮೇಲೆ ‘ಮುಕ್ತಾಯ’. ನಡುವೆ ಬಲಕ್ಕೆ ಕೆಂಪು ಗುರುತು, ಎಡಕ್ಕೆ ನೀಲಿ. ಎರಡರ ನಡುವೆ ದಾರಿ ಎನ್ನುವುದಕ್ಕೆ ಏನೂ ಇಲ್ಲ. ಬರೀ ಸಡಿಲ ಗುಂಡುಕಲ್ಲು.

ಮೊದಲ ರೈಡರ್ ಬಂದ. ಬೈಕನ್ನು ಕೆಳಗೆ ಒರಗಿಸಿ, ನಡೆದು ಮೇಲಕ್ಕೆ ಬರುತ್ತಾನೆ. ಒಂದು ಕಲ್ಲನ್ನು ಬೂಟಿನಿಂದ ಒತ್ತಿ ನೋಡುತ್ತಾನೆ, ಅಲುಗುತ್ತದೆ. ಇನ್ನೊಂದನ್ನು ಒತ್ತುತ್ತಾನೆ, ಗಟ್ಟಿಯಾಗಿದೆ. ಹಾಗೇ ಮನಸ್ಸಿನಲ್ಲಿ ಒಂದು ಗೆರೆ ಎಳೆದುಕೊಂಡು ಇಳಿದು ಹೋಗಿ ಹತ್ತುತ್ತಾನೆ. ಎಂಜಿನ್ ಗುರುಗುಟ್ಟುತ್ತದೆ. ಈಗ ನೀವು ನೋಡಬೇಕಾದದ್ದು ಅವನ ಪಾದಗಳನ್ನು ಮಾತ್ರ. ಎಲ್ಲೂ ಕಾಲೂರದೆ ಮೇಲೆ ಬಂದರೆ ಸೊನ್ನೆ; ಅದೇ ಕ್ಲೀನ್. ಒಮ್ಮೆ ಊರಿದರೆ ಒಂದು, ಎರಡು ಸಲಕ್ಕೆ ಎರಡು, ಮೂರು ಅಥವಾ ಹೆಚ್ಚು ಸಲಕ್ಕೆ ಮೂರು. ನಿಂತರೆ, ಬಿದ್ದರೆ, ಗುರುತಿನಾಚೆ ಹೋದರೆ ಐದು. ವಾರದ ಕೊನೆಗೆ ಯಾರ ಅಂಕ ಕಡಿಮೆಯೋ ಅವರೇ ಗೆದ್ದವರು. 1961ರಲ್ಲಿ ಗಾರ್ಡನ್ ಜ್ಯಾಕ್ಸನ್ ಎಜೆಎಸ್ ಬೈಕಿನ ಮೇಲೆ ಆರು ದಿನಕ್ಕೆ ಕಳೆದುಕೊಂಡದ್ದು ಒಂದೇ ಒಂದು ಅಂಕ. ಗ್ರೇ ಮೇರ್ಸ್ ರಿಜ್ ಎಂಬಲ್ಲಿ ಒಂದು ಸಲ ಕಾಲೂರಿದ್ದು, ಅಷ್ಟೆ.

ಇವನು ನಡುವಿನ ಮೆಟ್ಟಿಲಿನಲ್ಲಿ ಒಮ್ಮೆ ಎಡಗಾಲು ತಾಗಿಸಿದ. ನೀವು ಒಂದು ಎಂದು ಬರೆಯುತ್ತೀರಿ. ಅವನು ತಲೆಯಾಡಿಸಿ ಮುಂದೆ ಹೋದ. ಕೆಳಗೆ ಇಬ್ಬರು ಕಾಯುತ್ತಿದ್ದಾರೆ. ಆಮೇಲೆ ಐವರು. ಆಮೇಲೆ ಹದಿನೈದು ಜನ.

ಹತ್ತೂವರೆಯ ಹೊತ್ತಿಗೆ ಎಂಟ್ರಿಗೆ ಮಿತಿ ಯಾಕೆ ಎನ್ನುವುದು ನಿಮ್ಮ ಮೊಣಕಾಲಿಗೆ ಅರ್ಥವಾಗತೊಡಗುತ್ತದೆ. ಈ ಟ್ರಯಲ್‌ಗೆ ಬಿಡುವುದು ಸುಮಾರು 280 ಜನರನ್ನು. ಒಬ್ಬೊಬ್ಬರಿಗೆ ನಿಮ್ಮ ಸೆಕ್ಷನ್ನಿನಲ್ಲಿ ಒಂದೇ ನಿಮಿಷ ಎಂದಿಟ್ಟುಕೊಂಡರೂ ನಾಲ್ಕೂವರೆ ಗಂಟೆ ಮೀರುತ್ತದೆ. ಯಾರಾದರೂ ಬಿದ್ದು, ಬೈಕು ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡರೆ ಎಳೆದು ತೆಗೆಯಲು ಇನ್ನೂ ನಾಲ್ಕು ನಿಮಿಷ. ಸೆಕ್ಷನ್‌ನಲ್ಲಿ ಒಂದು ಸಲಕ್ಕೆ ಒಬ್ಬನೇ ಇರಬೇಕು, ಆದ್ದರಿಂದ ಅವಸರಪಡಿಸುವಂತಿಲ್ಲ. ಹಾಗೆಂದು ರೈಡರುಗಳು ನಿಧಾನಿಸುವಂತೆಯೂ ಇಲ್ಲ. ದಿನಕ್ಕೆ ಗೊತ್ತುಮಾಡಿದ ಸಮಯ ಮೀರಿದರೆ ಅದಕ್ಕೂ ಅಂಕ ಬೀಳುತ್ತದೆ. 280ರ ಬದಲು 500 ಜನ ಬಂದಿದ್ದರೆ? ನಿಮ್ಮ ಮುಂದಿನ ಸಾಲೇ ಎಂಟು ಗಂಟೆ ದಾಟುತ್ತಿತ್ತು. ಮುಂದಿನ ಸೆಕ್ಷನ್‌ಗಳನ್ನು ಕತ್ತಲಲ್ಲಿ ಹತ್ತಬೇಕಾಗುತ್ತಿತ್ತು. ಆಗ ಸೋಲು ಗೆಲುವನ್ನು ತೀರ್ಮಾನಿಸುವುದು ಸಾಲಿನ ಉದ್ದವೇ ಹೊರತು ಕೈಚಳಕವಲ್ಲ.

ಇನ್ನೊಂದು ಮಿತಿ ನಿಮ್ಮ ಬೂಟಿನ ಕೆಳಗೇ ಇದೆ. ಬದಿಗೆ ಎರಡು ಹೆಜ್ಜೆ ಇಟ್ಟರೆ ಕಾಲು ಕಣಕಾಲಿನವರೆಗೆ ಕಪ್ಪು ಮಣ್ಣಿನಲ್ಲಿ ಹೂತುಹೋಗುತ್ತದೆ. ಇದು ಪೀಟ್. ಸತ್ತ ಪಾಚಿ, ಹುಲ್ಲು ಕೊಳೆಯದೆ ಸಾವಿರಾರು ವರ್ಷ ಒತ್ತಿ ಕೂತು ಆದ ಮಣ್ಣು. ಇದು ಬೆಳೆಯುವುದು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು. ಅದರ ಮೇಲೆ ಹತ್ತು ಚಕ್ರ ಹೋದರೆ ಗೆರೆ, ಇನ್ನೂರು ಹೋದರೆ ಕಾಲುವೆ. ಈ ಗುಡ್ಡಗಳು ಕ್ಲಬ್ಬಿನವಲ್ಲ. ಜಮೀನುದಾರರ ಒಪ್ಪಿಗೆ ವರ್ಷವರ್ಷವೂ ಬೇಕು. ಅವರು ಬೇಡ ಎಂದ ದಿನ ನೂರು ವರ್ಷದ ಪರಂಪರೆಯೂ ನಿಂತುಹೋಗುತ್ತದೆ. ಆದ್ದರಿಂದ ಎಂಟ್ರಿಯ ಸಂಖ್ಯೆ ಎಂದರೆ ಆಫೀಸಿನ ಮೇಜಿನಲ್ಲಿ ಬರೆದ ಅಂಕಿ ಅಲ್ಲ. ಗಡಿಯಾರ, ಅಬ್ಸರ್ವರ್‌ಗಳ ಕಾಲು, ಬೆಟ್ಟದ ಮಣ್ಣು, ಈ ಮೂರೂ ಸೇರಿ ಹೇಳಿದ ಅಂಕಿ.

ಬರಬೇಕೆನ್ನುವವರು ಮಾತ್ರ ಅದಕ್ಕಿಂತ ಹೆಚ್ಚು. ಹಾಗಾಗಿ ಚೀಟಿ ಎತ್ತುತ್ತಾರೆ. ಸಾಲಿನಲ್ಲಿ ಕಾಯುವವರ ಮಾತಿಗೆ ಕಿವಿಗೊಡಿ: ಒಬ್ಬರಿಗೆ ಈ ವರ್ಷ ಬಂದಿದೆ, ಜೊತೆಯವರಿಗೆ ಬಂದಿಲ್ಲ. ಬೇಸರವಿದೆ, ಜಗಳವಿಲ್ಲ. ಮಿತಿ ಇರುವಲ್ಲಿ ಚೀಟಿಗಿಂತ ನ್ಯಾಯವಾದ ದಾರಿ ನನಗೆ ಕಾಣುವುದಿಲ್ಲ. ಹಣ ಹೆಚ್ಚು ಕೊಟ್ಟವರಿಗೆ ಮೊದಲು ಎಂದರೆ ಬಡ ರೈಡರ್ ಹೊರಗೆ. ಮೊದಲು ಅರ್ಜಿ ಒತ್ತಿದವರಿಗೆ ಎಂದರೆ ಆ ಹೊತ್ತಿನಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದವನು ಹೊರಗೆ. ಒಳಗೆ ಬಂದ ಮೇಲೂ ಇಲ್ಲಿ ಅದೇ ಸಮಾನತೆ: ನಂಬರುಗಳನ್ನು ಗುಂಪುಗಳಾಗಿ ಮಾಡಿ ಹೊರಡುವ ಸರದಿಯನ್ನು ದಿನದಿನವೂ ತಿರುಗಿಸುತ್ತಾರೆ. ಇವತ್ತು ಮೊದಲು ಬಂದು ಗೆರೆಯೇ ಇಲ್ಲದ ಕಲ್ಲಿನಲ್ಲಿ ದಾರಿ ಹುಡುಕಿದವನು ನಾಳೆ ಕಡೆಗೆ ಬಂದು ಉಳಿದವರು ಕೆಸರು ಮೆತ್ತಿದ ಕಲ್ಲನ್ನು ಹತ್ತಬೇಕು.

ಮಧ್ಯಾಹ್ನ. ಸಣ್ಣ ಮಳೆ. ಒಬ್ಬ ಬಂದ, ನಡೆದು ನೋಡಿದ್ದು ಬಹಳ ಹೊತ್ತಿಲ್ಲ, ಆದರೆ ಪೈಪ್‌ಲೈನ್ ಅವನ ಕೆಳಗೆ ಮೆತ್ತಗಾದಂತೆ ಏರಿಬಿಟ್ಟ. ಸೊನ್ನೆ. ಅವನ ಹಿಂದೆಯೇ ಅರವತ್ತರ ಆಸುಪಾಸಿನ ಹಿರಿಯರೊಬ್ಬರು, ಗಡ್ಡದಲ್ಲಿ ಮಳೆಹನಿ. ಅರ್ಧದಲ್ಲಿ ಹಿಂಚಕ್ರ ಜಾರಿತು, ಒಂದು, ಎರಡು, ಮೂರು ಸಲ ಕಾಲೂರಿದರು, ಬೈಕು ನಿಲ್ಲಲಿಲ್ಲ, ಮೇಲೆ ಬಂದೇಬಿಟ್ಟರು. ಮೂರು. ಇಬ್ಬರೂ ಏರಿದ್ದು ಅದೇ ಕಲ್ಲು. ಈ ಟ್ರಯಲ್ಲಿನ ಹಿರಿಮೆ ಇದೇ: ಇಲ್ಲಿ ಸುಲಭದ ದಾರಿ ಎಂದು ಬೇರೆ ಇಲ್ಲ. ಇಲ್ಲಿ 12 ಸಲ ಗೆದ್ದು ದಾಖಲೆ ಮಾಡಿದ ಡೂಗಿ ಲ್ಯಾಂಪ್ಕಿನ್ ಹತ್ತಿದ್ದನ್ನೇ ಮೊದಲ ಸಲ ಬಂದವನೂ ಹತ್ತಬೇಕು. ಅರ್ಜಿ ಹಾಕುವುದೇ ಇಲ್ಲಿ ವರ್ಗದ ಆಯ್ಕೆ. ಆರು ದಿನ ನನ್ನಿಂದ ಆಗುತ್ತದೆಯೇ ಎಂದು ಮನೆಯಲ್ಲೇ ಕೇಳಿಕೊಂಡು ಬರಬೇಕು.

ಬೇರೆ ಕಡೆ ಹಾಗಲ್ಲ. ಬ್ರಿಟನ್ನಿನ ಭಾನುವಾರದ ಕ್ಲಬ್ ಟ್ರಯಲ್‌ಗಳಲ್ಲಿ, ಅಮೆರಿಕದ ರಾಷ್ಟ್ರೀಯ ಸುತ್ತುಗಳಲ್ಲಿ, ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಒಂದೇ ಸೆಕ್ಷನ್ನಿನೊಳಗೆ ಬೇರೆ ಬೇರೆ ವರ್ಗಕ್ಕೆ ಬೇರೆ ಬೇರೆ ಗುರುತು ನೆಡುತ್ತಾರೆ. ಎಕ್ಸ್‌ಪರ್ಟ್ ವರ್ಗದವರು ಬಂಡೆಯ ನೆತ್ತಿ ಹತ್ತಬೇಕು. ಕ್ಲಬ್‌ಮ್ಯಾನ್ ಬಂಡೆಯ ಪಕ್ಕದ ಬೇರುಗಳ ಮೇಲೆ ಹಾಯಬೇಕು. ಹೊಸಬರು ಹಳ್ಳ ದಾಟಿ ತಿರುಗಿಕೊಂಡರೆ ಸಾಕು. ನಿಂತು ನೋಡುವವರಿಗೆ ಒಂದೇ ಹಳ್ಳ, ಓಡಿಸುವವರಿಗೆ ಮೂರು ಪರೀಕ್ಷೆ. ವಿಶ್ವ ಮಟ್ಟದಲ್ಲಿ ಟ್ರಯಲ್ ಜಿಪಿ, ಟ್ರಯಲ್ 2, ಟ್ರಯಲ್ 3, ಮಹಿಳೆಯರ ವರ್ಗ ಎಂದು ಭಾಗ ಮಾಡಿರುವುದೂ ಇದೇ ಕಾರಣಕ್ಕೆ.

ಆ ಟ್ರಯಲ್‌ಗಳಲ್ಲಿ ಅಬ್ಸರ್ವರ್ ಆಗಿ ನಿಂತರೆ ತಪ್ಪು ವರ್ಗ ಆರಿಸಿಕೊಂಡವರನ್ನು ದೂರದಿಂದಲೇ ಗುರುತಿಸುತ್ತೀರಿ. ಬರುವಾಗಲೇ ಭುಜ ಬಿಗಿದಿರುತ್ತದೆ. ಸೆಕ್ಷನ್ ನೋಡಿ ಬರುವ ಹೊತ್ತಿಗೆ ಕಣ್ಣಿನಲ್ಲಿ ದಾರಿಯ ಬದಲು ಅಂಜಿಕೆ. ಎರಡನೆಯ ಕಲ್ಲಿಗೇ ಬೀಳುತ್ತಾನೆ, ಐದು. ಮುಂದಿನದರಲ್ಲೂ ಐದು. ನಾಲ್ಕನೆಯ ಸೆಕ್ಷನ್ ಹೊತ್ತಿಗೆ ತೋಳು ಸೋತು, ಆಯಾಸದಲ್ಲಿ ಬೀಳುವುದು ಹೆಚ್ಚಾಗುತ್ತದೆ. ಕೈಕಾಲು ಮುರಿಯುವುದು ಅಲ್ಲೇ. ಅವನ ಹಿಂದೆ ಸಾಲು ಬೆಳೆಯುತ್ತದೆ. ಕಲಿತದ್ದು ಏನೂ ಇಲ್ಲ, ಯಾಕೆಂದರೆ ಬಿದ್ದ ಮೇಲಿನ ಅರ್ಧ ದಾರಿಯನ್ನು ಅವನು ಓಡಿಸಲೇ ಇಲ್ಲ. ಇದರ ಎದುರು ತುದಿಯಲ್ಲಿ ಇನ್ನೊಬ್ಬನಿದ್ದಾನೆ: ಮೇಲಿನ ವರ್ಗದ ಕೈಚಳಕವಿದ್ದೂ ಕಪ್ಪಿಗಾಗಿ ಕೆಳಗಿನ ವರ್ಗದಲ್ಲಿ ಉಳಿದವನು. ಅವನು ಪ್ರತಿ ವಾರ ಗೆಲ್ಲುತ್ತಾನೆ, ಪ್ರತಿ ವಾರ ಒಬ್ಬ ಹೊಸಬನ ಮೊದಲ ಬಹುಮಾನವನ್ನು ಕಿತ್ತುಕೊಳ್ಳುತ್ತಾನೆ. ಗೆದ್ದವರನ್ನು ಮೇಲಿನ ವರ್ಗಕ್ಕೆ ಏರಿಸುವ ನಿಯಮ ಇರಬೇಕಾದದ್ದು ಅದಕ್ಕೇ.

ನನ್ನ ಅಳತೆ ಸರಳ. ಅರ್ಧಕ್ಕಿಂತ ಹೆಚ್ಚು ಸೆಕ್ಷನ್‌ಗಳಲ್ಲಿ ಐದು ಬೀಳುತ್ತಿದ್ದರೆ ಒಂದು ವರ್ಗ ಕೆಳಗಿಳಿಯಿರಿ. ಹೆಚ್ಚಿನವನ್ನು ಕಾಲೂರದೆ ಮುಗಿಸುತ್ತಿದ್ದರೆ ಮೇಲೇರಿ. ಒಂದು, ಎರಡು, ಮೂರು ಬೀಳುವ ದಿನಗಳೇ ಕಲಿಸುವ ದಿನಗಳು. ಅರ್ಜಿ ತುಂಬುವಾಗ ನಿಮ್ಮ ಅತ್ಯುತ್ತಮ ದಿನವನ್ನು ನೆನೆಯಬೇಡಿ. ಮಳೆ ಬಂದು, ಮೈ ಸೋತು, ಬೈಕು ಮುನಿದ ದಿನವನ್ನು ನೆನೆಯಿರಿ.

ಆರು ದಿನದ ಟ್ರಯಲ್‌ಗೆ ಮುಂಚಿನ ಶುಕ್ರವಾರವೂ ನಿಮ್ಮನ್ನು ಕಿನ್‌ಲಾಕ್‌ಲೆವೆನ್‌ಗೆ ಕರೆಯುತ್ತಾರೆ, ಆದರೆ ಬೇರೆ ಸ್ಪರ್ಧೆಗೆ. ಆವತ್ತು ಊರಿನೊಳಗೆ ಕಾಲಿಡುತ್ತಲೇ ಕೇಳುವ ಶಬ್ದವೇ ಬೇರೆ: ಕೀರಲು ಟು ಸ್ಟ್ರೋಕ್ ಅಲ್ಲ, ಎದೆಗೆ ಬಡಿಯುವ ಸಿಂಗಲ್ ಸಿಲಿಂಡರಿನ ಡಬ್ ಡಬ್. ಇದು 1984ರಿಂದ ನಡೆಯುತ್ತಿರುವ ಪ್ರಿ-65 ಟ್ರಯಲ್. ಇಲ್ಲಿ ವರ್ಗವನ್ನು ರೈಡರಿನ ಶಕ್ತಿ ನೋಡಿ ಮಾಡಿಲ್ಲ, ಬೈಕಿನ ಕಾಲ ನೋಡಿ ಮಾಡಿದ್ದಾರೆ. ಗಡಿ 1965 ಆದದ್ದು ಸುಮ್ಮನೆ ಅಲ್ಲ. 1962 ಮತ್ತು 1964ರಲ್ಲಿ ಏರಿಯಲ್ ಮೇಲೆ ಗೆದ್ದಿದ್ದ ಸ್ಯಾಮಿ ಮಿಲ್ಲರ್, 1965ರಲ್ಲಿ ಹಗುರಾದ ಸ್ಪ್ಯಾನಿಷ್ ಬುಲ್ಟಾಕೊ ತಂದು ಗೆದ್ದರು. ಅಲ್ಲಿಗೆ ಭಾರದ ಬ್ರಿಟಿಷ್ ಫೋರ್ ಸ್ಟ್ರೋಕ್‌ಗಳ ಕಾಲ ಮುಗಿಯಿತು. ಆ ಬೈಕುಗಳನ್ನು ಇಂದಿನ ಬೈಕುಗಳ ಜೊತೆಗೆ ಓಡಿಸಿದರೆ ಅದು ಸ್ಪರ್ಧೆಯಲ್ಲ, ಅವಮಾನ. ಬೇರೆ ವರ್ಗ ಮಾಡಿದ್ದರಿಂದ ಅವು ಮ್ಯೂಸಿಯಂ ಸೇರದೆ ಇವತ್ತಿಗೂ ಕಲ್ಲು ಹತ್ತುತ್ತಿವೆ. ಇದಕ್ಕೂ ಬರುವ ಅರ್ಜಿ ಜಾಗಕ್ಕಿಂತ ಹೆಚ್ಚು, ಇಲ್ಲೂ ಚೀಟಿಯೇ.

ಆ ಡಬ್ ಡಬ್ ನಿಮಗೆ ಪರಿಚಯದ್ದು. ಮೈಸೂರು ರಸ್ತೆಯಲ್ಲೋ ಮಡಿಕೇರಿಯ ತಿರುವಿನಲ್ಲೋ ಬುಲೆಟ್ ಕೇಳದವರು ಯಾರು? ಹಿಂಚಕ್ರಕ್ಕೆ ಸಸ್ಪೆನ್ಷನ್ ಇಲ್ಲದ ಬೈಕುಗಳೇ ಟ್ರಯಲ್ಸ್ ಆಳುತ್ತಿದ್ದ ಕಾಲದಲ್ಲಿ, 1948ರ ಕೋಲ್‌ಮೋರ್ ಕಪ್ ಟ್ರಯಲ್‌ಗೆ ರಾಯಲ್ ಎನ್‌ಫೀಲ್ಡ್ ಹೊಸ ಬುಲೆಟ್‌ನ ಮೊದಲ ಮಾದರಿಗಳನ್ನು ಸ್ವಿಂಗಿಂಗ್ ಆರ್ಮ್ ಎಂಬ ಹಿಂಚಕ್ರದ ಸಸ್ಪೆನ್ಷನ್ ಸಮೇತ ಇಳಿಸಿತು. 1952ರಲ್ಲಿ ಜಾನಿ ಬ್ರಿಟನ್ 350 ಸಿಸಿ ಬುಲೆಟ್ ಮೇಲೆ ಇದೇ ಆರು ದಿನಗಳ ಟ್ರಯಲ್ ಗೆದ್ದರು, 1957ರಲ್ಲಿ ಮತ್ತೊಮ್ಮೆ. ಮದ್ರಾಸಿನ ಎನ್‌ಫೀಲ್ಡ್ ಇಂಡಿಯಾ ಶುರುವಾದದ್ದು 1955ರಲ್ಲಿ. ನಮ್ಮ ಊರಿನ ರಸ್ತೆಗೆ ಬಂದ ಬುಲೆಟ್, ಈ ಕಲ್ಲುಗಳಲ್ಲಿ ಪರೀಕ್ಷೆಗೆ ಕೂತು ಪಾಸಾಗಿ ಬಂದ ಬೈಕಿನ ವಂಶದ್ದು.

ಮತ್ತೆ ಪೈಪ್‌ಲೈನ್‌ಗೆ ಬರೋಣ. ಸಂಜೆ ಕಡೆಯ ರೈಡರ್ ಹೋದ ಮೇಲೆ ನೀವು ಗುರುತುಗಳನ್ನು ಕಿತ್ತು ಕಟ್ಟು ಕಟ್ಟುತ್ತೀರಿ. ಬಿದ್ದ ಕಸ ಹೆಕ್ಕುತ್ತೀರಿ. ಅಂಕದ ಹಾಳೆಯನ್ನು ಒಪ್ಪಿಸುತ್ತೀರಿ. ನಿಮ್ಮಂಥವರು ಪ್ರತಿ ಸೆಕ್ಷನ್ನಿಗೂ ಬೇಕು, ಆರು ದಿನವೂ ಬೇಕು. ಅವರು ಸಿಗದಿದ್ದರೆ ಎಂಟ್ರಿ 280 ಇರಲಿ, 28 ಆದರೂ ಟ್ರಯಲ್ ನಡೆಯುವುದಿಲ್ಲ.

ಆದ್ದರಿಂದ ಟ್ರಯಲ್ಸ್‌ಗೆ ಇಳಿಯಬೇಕೆಂದಿರುವ ಗೆಳೆಯರಿಗೆ ಎರಡು ಮಾತು. ಹೆಸರು ದೊಡ್ಡದೆಂದು ವರ್ಗ ಆರಿಸಬೇಡಿ. ಕಡೆಯ ಸೆಕ್ಷನ್ನಿನವರೆಗೂ ಕಲಿಯುತ್ತ ಹೋಗಬಲ್ಲ ವರ್ಗ ಆರಿಸಿ. ಚೀಟಿಯಲ್ಲಿ ನಿಮ್ಮ ಹೆಸರು ಬಾರದ ವರ್ಷ ಮನೆಯಲ್ಲಿ ಕೂರಬೇಡಿ. ಅಬ್ಸರ್ವರ್ ಆಗಲು ಹೆಸರು ಕೊಡಿ. ಆ ಪಟ್ಟಿಗೆ ಮಿತಿಯಿಲ್ಲ.