ಕಂಡಿದ್ದನ್ನಷ್ಟೇ ಬರಿ

ಬೆಳಗಿನ ಬಸ್ಸು ಅಜ್ಜಂಪುರ ಬಿಡುವಾಗ ಇನ್ನೂ ಮಸುಕು. ತೊಡೆಯ ಮೇಲೆ ರೆಕಾರ್ಡ್ ಬುಕ್ಕು, ಬ್ಯಾಗಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಕೋಟು, ಅದರ ಮೇಲೆ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ. ಊರು ದಾಟಿದರೆ ಎರೆ ಹೊಲ, ಈರುಳ್ಳಿ ಮಡಿ. ತರೀಕೆರೆ ಹತ್ತಿರವಾದ ಹಾಗೆ ಅಡಿಕೆ ತೋಟ ಶುರುವಾಗುತ್ತದೆ, ಅದರಾಚೆ ಕೆಮ್ಮಣ್ಣುಗುಂಡಿಯ ಬೆಟ್ಟಸಾಲು ಕಾಣುತ್ತದೆ. ಇಷ್ಟು ದಾರಿಯೊಳಗೆ ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಬಂದುಬಿಡುತ್ತದೆ. ಜನಕ್ಕೆ ಬರುವ ಜ್ವರಗಳೂ ಅದರ ಜೊತೆ ಬದಲಾಗುತ್ತವೆ ಅನ್ನುವುದು ನಿಮಗೆ ಎರಡನೇ ವರ್ಷ ಗೊತ್ತಾಗುತ್ತದೆ.

ತರೀಕೆರೆ ಸ್ಟೇಷನ್ನಿನಲ್ಲಿ ಶಿವಮೊಗ್ಗದ ರೈಲು ಬಂದಾಗ ಕಡೂರಿನ ಗೆಳತಿ ಬಾಗಿಲಲ್ಲೇ ನಿಂತು ಕೈಬೀಸುತ್ತಾಳೆ. ಬೀರೂರು ದಾಟುವಷ್ಟರಲ್ಲಿ ನಿಮಗೂ ಒಂದು ಸೀಟು ಹಿಡಿದಿಟ್ಟಿದ್ದಾಳೆ. ಅವಳು ಎಸ್‌ಎಸ್‌ಎಲ್‌ಸಿ ಮುಗಿಸಿಯೇ ಸೇರಿದವಳು, ಅವಳಿಗೆ ಲ್ಯಾಬ್ ಟೆಕ್ನಾಲಜಿಯ ಡಿಪ್ಲೊಮಾ ಆದ ಡಿಎಂಎಲ್‌ಟಿ ಮೂರು ವರ್ಷ. ನೀವು ಪಿಯುಸಿಯಲ್ಲಿ ಸೈನ್ಸ್ ಓದಿ ಬಂದವರು, ನಿಮಗೆ ಎರಡೇ ವರ್ಷ. ಇಬ್ಬರಿಗೂ ಪರೀಕ್ಷೆ ನಡೆಸುವುದು ಬೆಂಗಳೂರಿನ ಪ್ಯಾರಾಮೆಡಿಕಲ್ ಬೋರ್ಡು. ಡಿಪ್ಲೊಮಾ ಬದಲು ಡಿಗ್ರಿಯೇ ಬೇಕೆಂದವರು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿಎಸ್ಸಿ ಎಂಎಲ್‌ಟಿಗೆ ಹೋಗುತ್ತಾರೆ. ಮನೆಗೆ ಬಂದ ನೆಂಟರು ಮಾತ್ರ ಇವತ್ತಿಗೂ ಕೇಳುವುದು ಒಂದೇ: "ನರ್ಸಿಂಗಾ?" ನೀವು ಹೇಳುವುದೂ ಒಂದೇ: "ಅಲ್ಲ ದೊಡ್ಡಮ್ಮ, ಲ್ಯಾಬು. ರಕ್ತ ಪರೀಕ್ಷೆ." "ಓ, ಸೂಜಿ ಚುಚ್ಚೋದು" ಎಂದು ದೊಡ್ಡಮ್ಮ ತಲೆ ಆಡಿಸುತ್ತಾರೆ.

ಕಾಲೇಜಿನ ಲ್ಯಾಬಿನಲ್ಲಿ ಇವತ್ತು ನಿಜಕ್ಕೂ ಸೂಜಿ ಚುಚ್ಚುವ ದಿನ. ಪ್ಲಾಸ್ಟಿಕ್ ತೋಳಿನ ಮೇಲೆ ಅಭ್ಯಾಸ ಮುಗಿದಿದೆ. ಈಗ ಒಬ್ಬರಿಗೊಬ್ಬರು ತೋಳು ಕೊಡಬೇಕು. ಕಡೂರಿನವಳು ನಿಮ್ಮೆದುರಿನ ಸ್ಟೂಲಿನಲ್ಲಿ ಕೂತು ತೋಳು ಚಾಚಿ, ಮುಖವನ್ನು ಗೋಡೆ ಕಡೆಗೆ ತಿರುಗಿಸಿದ್ದಾಳೆ. ಮೊಣಕೈ ಮಡಿಕೆಯಿಂದ ನಾಲ್ಕು ಬೆರಳು ಮೇಲೆ ಟೂರ್ನಿಕೆಟ್ ಕಟ್ಟುತ್ತೀರಿ. ಅದು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇರಕೂಡದು. ಇದ್ದರೆ ನಿಂತ ರಕ್ತ ಗಟ್ಟಿಯಾಗಿ ಪ್ರೋಟೀನು, ಕ್ಯಾಲ್ಸಿಯಂ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತವೆ. ತೋರುಬೆರಳಿನಲ್ಲಿ ನರ ಹುಡುಕಿ. ಕಣ್ಣಿಗೆ ಹಸಿರಾಗಿ ಕಾಣುವುದೆಲ್ಲ ಚುಚ್ಚುವ ನರ ಅಲ್ಲ. ಒತ್ತಿ ಬಿಟ್ಟರೆ ಬೆರಳಿಗೆ ವಾಪಸು ಪುಟಿಯಬೇಕು. ಸಿಕ್ಕಿತು. ಸ್ಪಿರಿಟ್ ಹತ್ತಿಯಿಂದ ಒರೆಸಿ ಆರಲು ಬಿಡಿ. ಆರುವ ಮೊದಲೇ ಚುಚ್ಚಿದರೆ ಉರಿಯೂ ಹೌದು, ಸ್ಪಿರಿಟ್ ಒಳಗೆ ಸೇರಿ ಕೆಂಪು ಕಣ ಒಡೆಯುವುದೂ ಹೌದು.

"ಸೂಜಿಯ ಇಳಿಜಾರು ಬಾಯಿ ಮೇಲಕ್ಕಿರಲಿ. ಕೈ ನಡುಗಿದ್ರೆ ಪರವಾಗಿಲ್ಲಮ್ಮ, ಅಂಗೈ ಅವಳ ತೋಳಿನ ಮೇಲೆ ಊರ್ಕೋ" ಎನ್ನುತ್ತಾರೆ ಬೆನ್ನ ಹಿಂದೆ ನಿಂತ ಮೇಡಂ.

ಚರ್ಮ ದಾಟಿದ್ದು ಬೆರಳಿಗೆ ಗೊತ್ತಾಗುತ್ತದೆ. ನರದ ಗೋಡೆ ದಾಟಿದ್ದು ಇನ್ನೂ ಸಣ್ಣಗೆ, ಎರಡನೇ ಸಲ ಗೊತ್ತಾಗುತ್ತದೆ. ಸಿರಿಂಜಿನ ಕತ್ತಿನಲ್ಲಿ ಕಡುಗೆಂಪು ಎಳೆ ಕಾಣಿಸುತ್ತದೆ. ಎಳೆಯುವ ಕೈ ನಿಧಾನವಿರಲಿ. ಮೊದಲು ಟೂರ್ನಿಕೆಟ್ ಬಿಚ್ಚಬೇಕು, ಆಮೇಲೆ ಸೂಜಿ ತೆಗೆಯಬೇಕು. ಈ ಕ್ರಮ ತಪ್ಪಿದರೆ ತೋಳಿನ ಮೇಲೆ ನಾಲ್ಕು ದಿನ ನೀಲಿಗಟ್ಟಿರುತ್ತದೆ. ಹತ್ತಿ ಒತ್ತಿ ತೋಳನ್ನು ನೇರವಾಗಿಯೇ ಇಡಲು ಹೇಳಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ, ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ಇಳಿಸಿ ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಕುಲುಕಬೇಡಿ. ಸೂಜಿ ಕಟ್ಟರಿಗೆ, ಹತ್ತಿ ಹಳದಿ ಬುಟ್ಟಿಗೆ, ಸಿರಿಂಜು ಕೆಂಪು ಬುಟ್ಟಿಗೆ.

ಗೆಳತಿ ತಿರುಗಿ ನೋಡಿ "ಆಯ್ತಾ? ಇಷ್ಟೇನಾ?" ಅನ್ನುತ್ತಾಳೆ. ನಿಮ್ಮ ಬೆನ್ನು ಪೂರಾ ಒದ್ದೆಯಾಗಿದೆ.

"ಹೆಸರು?" ಎಂದು ಮೇಡಂ ಕೇಳುತ್ತಾರೆ. ಟ್ಯೂಬಿನ ಮೇಲೆ ಏನೂ ಬರೆದಿಲ್ಲ. "ರೋಗಿ ಎದ್ದು ಹೋದ ಮೇಲೆ ಬರೆಯೋ ಹೆಸರು ಹೆಸರಲ್ಲಮ್ಮ. ಅವರು ಎದುರಿಗೆ ಕೂತಿರುವಾಗಲೇ, ಅವರ ಬಾಯಿಂದಲೇ ಹೆಸರು ಹೇಳಿಸಿ ಬರಿಬೇಕು. ಮಂಜಮ್ಮ ಅಂತ ಕೂಗಿದರೆ ಓಪಿಡಿಯಲ್ಲಿ ಮೂವರು ಎದ್ದು ನಿಲ್ತಾರೆ."

ಮಧ್ಯಾಹ್ನ ಅದೇ ರಕ್ತದಿಂದ ಸ್ಮಿಯರ್, ಅಂದರೆ ಗಾಜಿನ ಮೇಲೆ ತೆಳು ಲೇಪ. ಗಾಜಿನ ಸ್ಲೈಡಿನ ಒಂದು ತುದಿಗೆ ಸಣ್ಣ ಹನಿ. ಇನ್ನೊಂದು ಸ್ಲೈಡನ್ನು ಓರೆಯಾಗಿ ಹನಿಗೆ ತಾಗಿಸಿ, ಹನಿ ಅಂಚಿನುದ್ದಕ್ಕೂ ಹರಡುವವರೆಗೆ ಕಾದು, ತಡೆಯದೆ ಮುಂದಕ್ಕೆ ತಳ್ಳಬೇಕು. ತಳ್ಳುವಾಗ ಹೆದರಿ ನಿಂತರೆ ಪಟ್ಟೆ ಬೀಳುತ್ತದೆ. ಬೆಂಚಿನ ಮೇಲೆ ಕೆಟ್ಟ ಸ್ಲೈಡುಗಳ ಸಾಲೇ ಬೆಳೆದ ಮೇಲೆ, ತಲೆ ದಪ್ಪಗಿದ್ದು ಬಾಲ ತೆಳ್ಳಗಾದ, ನಾಲಿಗೆಯ ಆಕಾರದ ಒಂದು ಲೇಪ ಮೂಡುತ್ತದೆ. ಅದರ ಮೇಲೆ ಲೀಶ್ಮನ್ ಬಣ್ಣ ಸುರಿದು ಎರಡು ನಿಮಿಷ. ಆ ಬಣ್ಣದಲ್ಲೇ ಮೆಥನಾಲ್ ಇರುವುದರಿಂದ ಕಣಗಳು ಗಾಜಿಗೆ ಕಚ್ಚಿಕೊಳ್ಳುತ್ತವೆ. ಆಮೇಲೆ ಅದರ ಎರಡರಷ್ಟು ಬಫರ್ ನೀರು, ಮತ್ತೆ ಏಳೆಂಟು ನಿಮಿಷ. ತೊಳೆದು, ಆರಿಸಿ, ಒಂದು ಹನಿ ಎಣ್ಣೆ ಬಿಟ್ಟು ನೂರರ ಲೆನ್ಸು ಇಳಿಸಿದಾಗ ಕಡೂರಿನ ಗೆಳತಿಯ ರಕ್ತ ನಿಮ್ಮ ಕಣ್ಣ ಮುಂದೆ ತೆರೆದುಕೊಳ್ಳುತ್ತದೆ. ನಡುವೆ ತಿಳಿಯಾದ ಕೆಂಪು ಕಣಗಳು, ನೇರಳೆ ಬಣ್ಣದ ಮೂರು-ನಾಲ್ಕು ಹಾಲೆಯ ನ್ಯೂಟ್ರೊಫಿಲ್, ಕಿತ್ತಳೆ ಹರಳು ತುಂಬಿದ ಇಯೊಸಿನೊಫಿಲ್, ಅಲ್ಲಲ್ಲಿ ಪುಡಿಪುಡಿಯಾಗಿ ಪ್ಲೇಟ್‌ಲೆಟ್. ಒಂದು ನೋಟದೊಳಗೆ ಬೀಳುವ ಜಾಗಕ್ಕೆ ಫೀಲ್ಡ್ ಅನ್ನುತ್ತಾರೆ. ಆರೋಗ್ಯವಂತರ ಸ್ಲೈಡಿನಲ್ಲಿ ಫೀಲ್ಡಿಗೆ ಹತ್ತಿಪ್ಪತ್ತು ಪ್ಲೇಟ್‌ಲೆಟ್ ಸಿಗುತ್ತವೆ. ಹತ್ತು ಫೀಲ್ಡಿನ ಸರಾಸರಿಯನ್ನು 15,000ದಿಂದ ಗುಣಿಸಿದರೆ ಅಂದಾಜು ಎಣಿಕೆ ಬಂತು.

ನೂರು ಬಿಳಿ ಕಣ ಎಣಿಸಿ ಜಾತಿವಾರು ಬರೆಯಿರಿ ಎಂದಿದ್ದಾರೆ. ಅರವತ್ತಕ್ಕೆ ಕತ್ತು ನೋಯುತ್ತದೆ. ಪಕ್ಕದ ಬೆಂಚಿನವನು ರೆಕಾರ್ಡಿನಲ್ಲಿ ಆಗಲೇ ಬರೆದು ಮುಗಿಸಿದ್ದಾನೆ: ನ್ಯೂಟ್ರೊಫಿಲ್ 60, ಲಿಂಫೊಸೈಟ್ 32, ಪುಸ್ತಕದಲ್ಲಿ ಇರುವ ಹಾಗೇ. ಮೇಡಂ ಅವನ ಸ್ಲೈಡನ್ನು ಮೈಕ್ರೋಸ್ಕೋಪಿಗೆ ಇಟ್ಟು ಎರಡು ನಿಮಿಷ ನೋಡುತ್ತಾರೆ. ಬೈಯುವುದಿಲ್ಲ. "ಇದರಲ್ಲಿ ಇಯೊಸಿನೊಫಿಲ್ ಇಷ್ಟೊಂದಿದೆ, ನೀನು ಎರಡು ಬರೆದಿದೀಯ. ಇದು ನಿಮ್ಮಪ್ಪನ ರಕ್ತ ಆಗಿದ್ರೆ? ಕಂಡಿದ್ದನ್ನಷ್ಟೇ ಬರಿ. ಕಾಣದಿದ್ರೆ ಕಾಣಲಿಲ್ಲ ಅಂತ ಬರಿ."

ಈ ಕಲಿಕೆಯಲ್ಲಿ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ ಎಂದು ನನಗೆ ಅನ್ನಿಸುವುದಿಲ್ಲ. ಸರ್ಟಿಫಿಕೇಟಿನ ಆತುರದಲ್ಲಿ ಪ್ರಾಕ್ಟಿಕಲ್ ಅಂದರೆ ರೆಕಾರ್ಡ್ ತುಂಬಿಸುವುದು ಎಂದುಕೊಂಡ ಕಡೆಗಳಲ್ಲಿ ಮಕ್ಕಳು ಮೊದಲು ಕಲಿಯುವುದೇ ನಾರ್ಮಲ್ ಬರೆಯುವುದನ್ನು. ಅದು ಪರೀಕ್ಷೆಯಲ್ಲಿ ನಕಲು ಹೊಡೆದಷ್ಟು ಸಣ್ಣ ತಪ್ಪಲ್ಲ. ಆ ರೂಢಿ ಇಟ್ಟುಕೊಂಡೇ ಅವರು ನಾಳೆ ಯಾವುದೋ ಊರಿನ ಆಸ್ಪತ್ರೆಯಲ್ಲಿ ಕೂರುತ್ತಾರೆ. ಅಲ್ಲಿ ಅವರ ಹಿಂದೆ ನಿಂತು ಸ್ಲೈಡ್ ನೋಡುವವರು ಯಾರೂ ಇರುವುದಿಲ್ಲ.

ನಮ್ಮ ಕಡೆಗೆ ಸ್ಲೈಡಿನ ಋಣ ಹಳೆಯದು. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಮಲೇರಿಯಾಕ್ಕೆ ಹೆದರಿ ಜನ ಊರು ಬಿಟ್ಟ ಕಥೆಗಳು ಇಲ್ಲಿನ ಮಲೆನಾಡಿನ ಹಿರಿಯರ ಬಾಯಲ್ಲಿ ಇನ್ನೂ ಇವೆ. ಜ್ವರ ಬಂದವರ ಬೆರಳು ಚುಚ್ಚಿ ಆರೋಗ್ಯ ಕಾರ್ಯಕರ್ತರು ತಂದ ಲೇಪಗಳನ್ನು ಒಂದೊಂದಾಗಿ ಕಣ್ಣಿಟ್ಟು ನೋಡಿದವರು ಲ್ಯಾಬಿನವರು. ಆ ಲೇಪಗಳಿಗೆ ಹಾಕುವ ಜೆಎಸ್‌ಬಿ ಬಣ್ಣ ನಮ್ಮ ದೇಶದ್ದೇ, 1944ರಲ್ಲಿ ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ರೂಪಿಸಿದ್ದು. ಮಲೇರಿಯಾ ಹುಡುಕಲು ಮಾಡುವ ದಪ್ಪ ಲೇಪ ಎಷ್ಟು ದಪ್ಪ ಇರಬೇಕು ಎಂದು ಕೇಳಿದರೆ ಮೇಡಂ ದಿನಪತ್ರಿಕೆ ಹಾಸುತ್ತಾರೆ: ಲೇಪದ ಅಡಿಯ ಅಕ್ಷರ ಓದಲು ಬರಬೇಕು, ಅಷ್ಟು.

ಎರಡನೇ ವರ್ಷ. ಜನವರಿ. ತರೀಕೆರೆಯ ತಾಲ್ಲೂಕು ಆಸ್ಪತ್ರೆಯಲ್ಲಿ ನಿಮ್ಮ ಪೋಸ್ಟಿಂಗ್. ಇಲ್ಲಿಂದ ಮುಂದೆ ರೈಲು ಹತ್ತುವ ಕೆಲಸವಿಲ್ಲ, ಬಸ್ಸಿಳಿದು ನಡೆದರೆ ಸಾಕು. ಒಂಬತ್ತಕ್ಕೆ ಮೊದಲೇ ಲ್ಯಾಬಿನ ಕಿಟಕಿ ಮುಂದೆ ಚೀಟಿ ಹಿಡಿದವರು ಸೇರಿದ್ದಾರೆ. ಖಾಲಿ ಹೊಟ್ಟೆಯ ಶುಗರ್‌ನವರು ಮೊದಲು. ತೆಳ್ಳನೆಯ ಅಜ್ಜಿಯೊಬ್ಬರು ಸೆರಗಿನಿಂದ ತೋಳು ಹೊರತೆಗೆದು ಇಡುತ್ತಾರೆ.

"ನಂಗೆ ನರ ಸಿಗಾಕಿಲ್ಲ ಕಣವ್ವ. ಹೋದ್ ಸಲ ಮೂರ್ ಕಡೆ ತಿವಿದ್ರು."

"ನೋಡ್ತೀನಿ ಅಜ್ಜಿ. ನಿಮ್ಮ ಹೆಸರು ಹೇಳಿ. ಏನಾದ್ರೂ ತಿಂದಿದೀರಾ?"

"ಏನೂ ಇಲ್ಲವ್ವ. ಒಂದ್ ಲೋಟ ಟೀ ಅಷ್ಟೇಯ."

ಟೀಯಲ್ಲಿ ಸಕ್ಕರೆ ಇತ್ತೇ ಎಂದು ಕೇಳುತ್ತೀರಿ. ಇತ್ತು. ಅಂದಮೇಲೆ ಇದು ಖಾಲಿ ಹೊಟ್ಟೆಯ ಶುಗರ್ ಅಲ್ಲ. ಅಜ್ಜಿ ಯಾವ ಹಳ್ಳಿಯಿಂದ ಎಷ್ಟು ಹೊತ್ತಿಗೆ ಹೊರಟವರೋ. ವಾಪಸು ಕಳಿಸಲು ನಿಮಗೆ ಮನಸ್ಸು ಬಾರದು, ಸುಳ್ಳು ಬರೆಯಲು ಕೈ ಬಾರದು. ಹಿರಿಯ ಟೆಕ್ನೀಷಿಯನ್ ಚೀಟಿ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ ಬರುತ್ತಾರೆ. ಫಾಸ್ಟಿಂಗ್ ಹೊಡೆದು ರ್‍ಯಾಂಡಮ್ ಎಂದು ತಿದ್ದಿ, ಜೊತೆಗೆ ಎಚ್‌ಬಿಎ1ಸಿ ಸೇರಿಸಿದ್ದಾರೆ. ಅದಕ್ಕೆ ಹೊಟ್ಟೆ ಖಾಲಿ ಇರಬೇಕಿಲ್ಲ, ಹಿಂದಿನ ಎರಡು-ಮೂರು ತಿಂಗಳ ಶುಗರ್ ಹೇಗಿತ್ತು ಎನ್ನುವುದು ಗೊತ್ತಾಗುತ್ತದೆ. ಅಜ್ಜಿಯ ನರ ಮುಂಗೈ ಕಡೆ, ಒಂದೇ ಸಲಕ್ಕೆ ಸಿಗುತ್ತದೆ. "ಹೂವಿನಂಥ ಕೈ ಕಣವ್ವ" ಎಂದು ಹೇಳಿ ಅವರು ಎದ್ದು ಹೋಗುತ್ತಾರೆ. ಮಾರ್ಕ್ಸ್ ಕಾರ್ಡ್ ಇಲ್ಲದ ಈ ಅಂಕಕ್ಕೆ ನಿಮ್ಮ ಮುಖ ಅರಳುತ್ತದೆ.

ಹನ್ನೊಂದರ ಸುಮಾರಿಗೆ ವಾರ್ಡಿನಿಂದ ಒಂದು ಟ್ಯೂಬು. ಲಕ್ಕವಳ್ಳಿ ಕಡೆಯ ಹುಡುಗ, ಅಡಿಕೆ ಕೊಯ್ಲಿಗೆ ಹೋಗುವವನು, ಮೂರು ದಿನದಿಂದ ಜ್ವರ, ಮೈಕೈ ನೋವು. ಚೀಟಿಯ ಕೆಳಗೆ ಡಾಕ್ಟರು ಒಂದು ಸಾಲು ಸೇರಿಸಿದ್ದಾರೆ: ಕಾಡಿಗೆ ಹೋಗಿದ್ದ. ಈ ಸಾಲಿಗೆ ಇಲ್ಲಿ ಎಷ್ಟು ತೂಕವಿದೆ ಎನ್ನುವುದು ನಿಮಗೆ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆ ಚಳಿಗಾಲದಿಂದ ಬೇಸಿಗೆಯ ತನಕ ಮಲೆನಾಡನ್ನು ಕಾಡುತ್ತದೆ. ಉಣುಗು ಕಚ್ಚಿ ಬರುವ ಈ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಪ್ರಯೋಗಾಲಯದಲ್ಲಿ ದುಡಿಯುವವರಿಗೇ ಅದು ತಗುಲಿದ ಪ್ರಕರಣಗಳೂ ಅದರ ಚರಿತ್ರೆಯಲ್ಲಿ ಅನೇಕ. ಗ್ಲೌಸ್ ಬದಲಿಸಿಕೊಳ್ಳುತ್ತೀರಿ. ಆ ಕಾಯಿಲೆಯ ಪರೀಕ್ಷೆಗೆ ಬೇರೆ ಟ್ಯೂಬು ಮೂರು ಪದರದ ಡಬ್ಬಿಯಲ್ಲಿ, ಐಸ್ ಪ್ಯಾಕಿನ ನಡುವೆ ಶಿವಮೊಗ್ಗಕ್ಕೆ ಹೋಗಬೇಕು. ಅದನ್ನು ಹಿರಿಯರೇ ಕಟ್ಟುತ್ತಿದ್ದಾರೆ. ನಿಮ್ಮ ಪಾಲಿಗೆ ಬಂದದ್ದು ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ.

ಯಂತ್ರ ಒಂದು ನಿಮಿಷದಲ್ಲಿ ಚೀಟಿ ಉಗುಳುತ್ತದೆ. ಹಿಮೋಗ್ಲೋಬಿನ್ 14.2. ಬಿಳಿ ಕಣ 6,100. ಪ್ಲೇಟ್‌ಲೆಟ್ 38,000. ಕನಿಷ್ಠ ಒಂದೂವರೆ ಲಕ್ಷ ಇರಬೇಕಾದದ್ದು. ಪಕ್ಕದಲ್ಲಿ ಯಂತ್ರದ್ದೇ ಒಂದು ಎಚ್ಚರಿಕೆ ಗುರುತು.

ಬಾಗಿಲಲ್ಲಿ ಹುಡುಗನ ಅಣ್ಣ ನಿಂತಿದ್ದಾನೆ. "ಎಷ್ಟೈತೆ ಮೇಡಂ? ಕಮ್ಮಿ ಆದ್ರೆ ಮೆಗ್ಗಾನ್‌ಗೆ ಬರೀತೀನಿ ಅಂದವ್ರೆ ಡಾಕ್ಟ್ರು." ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಎಂದರೆ ಆಂಬುಲೆನ್ಸ್, ಜೊತೆಗೆ ಇಬ್ಬರ ಕೂಲಿ ಹೋಗುವುದು, ಮನೆಯಲ್ಲಿ ಎಲ್ಲರ ಎದೆ ಒಡೆಯುವುದು.

ನಿಮ್ಮ ಕೈ ರಿಪೋರ್ಟಿನ ಕಡೆ ಹೋಗುವುದಿಲ್ಲ, ಟ್ಯೂಬಿನ ಕಡೆ ಹೋಗುತ್ತದೆ. ಮುಚ್ಚಳ ತೆಗೆದು ಕಡ್ಡಿಯಿಂದ ನೋಡುತ್ತೀರಿ, ಹೆಪ್ಪಿಲ್ಲ. ಸ್ಲೈಡಿಗೆ ಒಂದು ಹನಿ. ತಳ್ಳಿದ್ದು ಒಂದೇ ಏಟಿಗೆ ಸರಿ ಬರುತ್ತದೆ. ಬಣ್ಣ, ಬಫರ್, ಗೋಡೆ ಗಡಿಯಾರ. ಆ ಹತ್ತು ನಿಮಿಷ ಯಾರು ಅವಸರ ಮಾಡಿದರೂ ಹತ್ತೇ ನಿಮಿಷ. ಎಣ್ಣೆ ಬಿಟ್ಟು ಕಣ್ಣಿಟ್ಟಾಗ ನಡುವಿನ ಫೀಲ್ಡುಗಳು ಹೆಚ್ಚುಕಡಿಮೆ ಖಾಲಿ. ಯಂತ್ರ ಹೇಳಿದ್ದು ನಿಜವೇ ಹಾಗಾದರೆ? ಸ್ಲೈಡನ್ನು ಮೆಲ್ಲಗೆ ಬಾಲದ ಕಡೆ, ಅಂಚಿನ ಕಡೆ ಸರಿಸುತ್ತೀರಿ. ಅಲ್ಲಿ ನೇರಳೆ ಬಣ್ಣದ ಒಂದು ಗುಂಪು. ಇನ್ನೊಂದು. ಮತ್ತೊಂದರಲ್ಲಿ ಎಣಿಸಲಾರದಷ್ಟು. ಪ್ಲೇಟ್‌ಲೆಟ್ ಎಲ್ಲೂ ಹೋಗಿಲ್ಲ, ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಕೆಲವರ ರಕ್ತ ಇಡಿಟಿಎ ಸೇರಿದರೆ ಹೀಗೆ ಮಾಡುತ್ತದೆ. ಮೈಯೊಳಗೆ ಏನೂ ಆಗಿರುವುದಿಲ್ಲ, ಆಗುವುದು ಟ್ಯೂಬಿನೊಳಗೆ ಮಾತ್ರ. ಗುಂಪು ದೊಡ್ಡದಾದ್ದರಿಂದ ಯಂತ್ರ ಅದನ್ನು ಪ್ಲೇಟ್‌ಲೆಟ್ ಎಂದು ಲೆಕ್ಕ ಹಿಡಿಯುವುದಿಲ್ಲ.

"ಸರ್, ಒಂದ್ಸಲ ನೋಡ್ತೀರಾ?"

ಹಿರಿಯರು ಬಾಗಿ ನೋಡುತ್ತಾರೆ, ಫೋಕಸ್ ತಿರುಗಿಸುತ್ತಾರೆ, ಬಾಲದುದ್ದಕ್ಕೂ ಒಮ್ಮೆ ಹೋಗಿ ಬರುತ್ತಾರೆ. ಆಮೇಲೆ ಫೋನೆತ್ತುತ್ತಾರೆ. "ಸರ್, ಕ್ಲಂಪ್ಸ್ ಇವೆ. ರಿಪೋರ್ಟ್ ತಡೆದಿದೀವಿ. ಸಿಟ್ರೇಟಲ್ಲಿ ಮತ್ತೆ ತೆಗೀತೀವಿ."

ತಿಳಿನೀಲಿ ಮುಚ್ಚಳದ ಟ್ಯೂಬು ಹಿಡಿದು ನೀವೇ ವಾರ್ಡಿಗೆ ಹೋಗುತ್ತೀರಿ. ಹುಡುಗನ ಬಾಯಿಂದ ಹೆಸರು ಹೇಳಿಸಿ, ಅವನೆದುರೇ ಬರೆದು, ಟ್ಯೂಬಿನ ಗೆರೆ ಮುಟ್ಟುವಷ್ಟು ರಕ್ತ ತೆಗೆದು, ನೇರ ಯಂತ್ರಕ್ಕೆ. 1,64,000. ಸಿಟ್ರೇಟ್ ದ್ರವ ರಕ್ತವನ್ನು ಹತ್ತರಲ್ಲಿ ಒಂದು ಪಾಲು ತೆಳುಮಾಡಿರುವುದರಿಂದ 1.1ರಿಂದ ಗುಣಿಸಬೇಕು: 1,80,400. ಹೊಸ ಸ್ಲೈಡೂ ಅದನ್ನೇ ಹೇಳುತ್ತದೆ, ಗುಂಪುಗಳಿಲ್ಲ. ರಿಪೋರ್ಟಿನಲ್ಲಿ ಎರಡೂ ಎಣಿಕೆ, ಯಾವುದು ಯಾವ ಟ್ಯೂಬಿನದು, ಸ್ಲೈಡಿನಲ್ಲಿ ಏನು ಕಂಡಿತು ಎನ್ನುವುದನ್ನು ಬರೆದು ಹಿರಿಯರ ಮುಂದೆ ಇಡುತ್ತೀರಿ. ಸಹಿ ಅವರದು.

ಅಣ್ಣ ಇನ್ನೂ ಬಾಗಿಲಲ್ಲೇ. "ಹಂಗಾರೆ ಶಿವಮೊಗ್ಗಕ್ಕೆ ಹೋಗದು ಬ್ಯಾಡ್ವಾ ಮೇಡಂ?"

ಬೇಡ ಎಂದು ಹೇಳಿಬಿಡುವ ಆಸೆ ನಾಲಿಗೆಯ ತುದಿಯಲ್ಲಿದೆ. ಆದರೆ ಜ್ವರ ಯಾವುದು ಎನ್ನುವುದು ಇನ್ನೂ ಗೊತ್ತಾಗಿಲ್ಲ, ಐಸ್ ಪ್ಯಾಕಿನ ಟ್ಯೂಬಿನ ಉತ್ತರ ಬರಬೇಕಿದೆ. ಅದನ್ನು ತೀರ್ಮಾನಿಸುವುದು ನಿಮ್ಮ ಕೆಲಸವೂ ಅಲ್ಲ. "ಎಣಿಕೆ ಡಾಕ್ಟ್ರಿಗೆ ಕಳಿಸಿದೀವಿ ಅಣ್ಣ. ಈಗಲೇ ಹೋಗಿ ಕೇಳಿ, ಅವರೇ ಹೇಳ್ತಾರೆ."

ಅವನು ಮೆಟ್ಟಿಲ ಕಡೆ ಓಡುತ್ತಾನೆ. ಹಿರಿಯರು ಆ ಸ್ಲೈಡನ್ನು ಒರೆಸಿ ಬಿಸಾಕದೆ, ಎಣ್ಣೆ ತೆಗೆದು, ಪೆನ್ಸಿಲಿನಲ್ಲಿ ನಂಬರ್ ಹಾಕಿ ಪೆಟ್ಟಿಗೆಯಲ್ಲಿಡಲು ಹೇಳುತ್ತಾರೆ. ಮುಂದಿನ ತಿಂಗಳು ಬರುವ ಬ್ಯಾಚಿಗೆ ತೋರಿಸಬೇಕಂತೆ. "ಹೊರಗೆ ತಿಂಡಿ ಆಗಿ ಎರಡು ಗಂಟೆ ಆದ ಶುಗರ್ ಪರೀಕ್ಷೆಯವರು ನಾಲ್ಕು ಜನ ಕೂತಿದಾರೆ, ಒಳಗೆ ಕರಿ ಅಮ್ಮ."